ವ್ಯಾಯಾಮವೂ ಉಲ್ಲಾಸವೂ

ಕಳೆದ ಜನವರಿ ತಿಂಗಳಲ್ಲಿ ಹತ್ತನೆಯ ತರಗತಿಯ ಹುಡುಗಿಯರ ಪೋಷಕರಲ್ಲಿ ಕೆಲವರು ಒಂದು ವಿಜ್ಞಾಪನೆಯನ್ನು ತಂದು ನನ್ನ ಕೈಗೆ ಕೊಟ್ಟರು. ಪರೀಕ್ಷೆಯು ಸಮೀಪಿಸಿರುವದರಿಂದ ವಾರಕ್ಕೆ ಎರಡಾವರ್ತಿ ಬರುವ ಆಟದ ಪೀರಿಯಡ್ಡನ್ನು ನಿಲ್ಲಿಸಿ, ಆ ಹೊತ್ತನ್ನು ಗಣಿತಕ್ಕೂ ವಿಜ್ಞಾನಕ್ಕೂ ಕೊಡಬೇಕೆಂಬದು ಅದರ ಸಾರಾಂಶ. ವಿನಯದಿಂದ ಬರೆದ ಕಾಗದ. ಅದರಲ್ಲಿ ಆಕ್ಷೇಪಿಸತಕ್ಕ ಮಾತೊಂದೂ ಇರಲಿಲ್ಲ. ಹಿಂದಿನ ವರ್ಷಗಳಲ್ಲಾದರೆ ನಾನು ಒಪ್ಪಿಬಿಡುತ್ತಿದ್ದೆನು. ನಿಜ ಹೇಳಬೇಕಾದರೆ, ಯಾರೂ ಕೇಳುವದಕ್ಕೆ ಮುಂಚೆಯೇ ನಾನಾಗಿ ಹಾಗೆ ಮಾಡಿದ್ದೂ ಉಂಟು. ಈ ಸಲ ಒಪ್ಪಲಿಲ್ಲ. ಎರಡು ಸಾಲಿನ ಉತ್ತರವನ್ನು ಕೊಟ್ಟು ಕಳುಹಿಸಿದೆನು. ಆ ಎರಡು ಸಾಲುಗಳಲ್ಲಿ ಅಡಗದೆ ಉಳಿದ ಮಾತುಗಳನ್ನು ಪೋಷಕರ ಮುಂದೆಯೂ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡುವದಕ್ಕೆ ಈ ಸ್ಮರಣ ಸಂಚಿಕೆಗಿಂತ ತಕ್ಕ ಸ್ಥಳವಿಲ್ಲ.

ಆದರೆ ಪೋಷಕರ ಕಾಗದಕ್ಕಿಂತಲೂ ನನ್ನನ್ನು ಹೆಚ್ಚಾಗಿ ಯೋಚನೆಗೆ ಹಚ್ಚಿದ ಸಂಗತಿ ಬೇರೊಂದು. ಆಟದ ಪೀರಿಯಡ್ಡು ಉಳಿಯುವದೆಂದು ನಾನು ತರಗತಿಗೆ ಹೋಗಿ ತಿಳಿಸಿದಾಗ ಹುಡುಗಿಯರು ಚಪ್ಪಾಳೆ ತಟ್ಟುವರೆಂದು ಎಣಿಸಿದ್ದೆನು. ಹತ್ತು ಹನ್ನೆರಡು ಮಂದಿ ತಟ್ಟಿದರು. ಉಳಿದವರು ಒಬ್ಬರ ಮೋರೆಯನ್ನೊಬ್ಬರು ನೋಡಿಕೊಂಡು ಸುಮ್ಮನೆ ಕುಳಿತರು. ಬೀಜಗಣಿತವೆಂದರೆ ಹೆದರುವ ಮಕ್ಕಳು ಸಹ ಬಯಲಿಗಿಂತ ಬೀಜಗಣಿತವೇ ವಾಸಿಯೆಂದುಕೊಂಡರೆ, ದೋಷವು ಮಕ್ಕಳಲ್ಲಿದೆಯೋ ಅಥವಾ ನಾವು ಬಯಲಿನಲ್ಲಿ ಮಾಡಿಸುವ ಕೆಲಸದಲ್ಲಿದೆಯೋ ಎಂದು ವಿಚಾರಿಸದೆ ಇರಲಾಗದು.

ನಾನು ಅವರೆಲ್ಲರಿಗೂ ಒಂದೊಂದು ಚೀಟಿಯನ್ನು ಕೊಟ್ಟು, ಹೆಸರು ಹಾಕದೆ ಕಾರಣವನ್ನು ಬರೆಯಿರೆಂದು ಹೇಳಿದೆನು. ಒಬ್ಬಳು ಬಿಸಿಲೆಂದು ಬರೆದಳು. ಒಬ್ಬಳು, ತಾನು ದಪ್ಪಗಿರುವದರಿಂದ ಓಡುವಾಗ ಬೇರೆಯವರು ನಗುತ್ತಾರೆಂದು ಬರೆದಳು. ಮತ್ತೊಬ್ಬಳು, ಚೆನ್ನಾಗಿ ಆಡುವ ಆರೇಳು ಮಂದಿಗೆ ಮಾತ್ರ ಚೆಂಡು ಸಿಕ್ಕುತ್ತದೆ, ಮಿಕ್ಕವರ ಕೆಲಸವು ಗೆರೆಯಾಚೆ ನಿಂತು ನೋಡುವದಷ್ಟೇ ಎಂದು ಬರೆದಳು. ಒಂದು, ಎರಡು, ಮೂರು, ನಾಲ್ಕು ಎಂದು ಐದನೆಯ ತರಗತಿಯಿಂದ ಎಣಿಸುತ್ತಿದ್ದೇವೆ, ಐದನೆಯ ಅಂಕಿಯು ಇನ್ನೂ ಬಂದಿಲ್ಲವೆಂದು ಒಬ್ಬ ಚುರುಕು ಹುಡುಗಿಯು ಬರೆದಿದ್ದಳು. ಆದರೆ ಒಂದು ಚೀಟಿಯನ್ನು ನಾನು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದೇನೆ. ಅದರಲ್ಲಿ ಇದ್ದುದಿಷ್ಟೇ: ತಡವಾಗಿ ಬಂದರೆ ಬಯಲು ಸುತ್ತಿಸುತ್ತೀರಿ, ಆಟದ ಪೀರಿಯಡ್ಡಿನಲ್ಲಿಯೂ ಬಯಲು ಸುತ್ತಿಸುತ್ತೀರಿ, ಎರಡಕ್ಕೂ ಭೇದವೇನು?

ತಡವಾಗಿ ಬಂದವರು ಮೂರು ಸುತ್ತು ಓಡತಕ್ಕದ್ದೆಂಬ ನಿಯಮವನ್ನು ಮಾಡಿದವಳು ನಾನೇ. ಬೆತ್ತಕ್ಕಿಂತ ಇದು ಮೃದುವಾದ ಶಿಕ್ಷೆ, ಮೇಲಾಗಿ ದೇಹಕ್ಕೆ ಹಿತಕರವೆಂದು ನಾನು ಸಂತೋಷಪಟ್ಟಿದ್ದೆನು. ನೂರಾವರ್ತಿ ಬರೆಯೆಂದು ದಂಡನೆ ಕೊಟ್ಟ ಉಪಾಧ್ಯಾಯನು ಮಗುವಿಗೆ ಬರವಣಿಗೆಯ ಮೇಲೆ ದ್ವೇಷವನ್ನು ಕಲಿಸುತ್ತಾನೆಂದು ತರಬೇತಿ ಕಾಲೇಜಿನಲ್ಲಿ ಓದಿದ್ದ ನನಗೆ, ಓಟವನ್ನು ದಂಡನೆಯಾಗಿ ಮಾಡಿದರೆ ಮಗುವು ಓಟವನ್ನೇ ದ್ವೇಷಿಸುವದೆಂಬದು ಹೊಳೆಯಲಿಲ್ಲ. ಪಾಯಸವನ್ನು ಕಷಾಯದ ಬಟ್ಟಲಿನಲ್ಲಿ ಕೊಟ್ಟು, ಮೂಗು ಹಿಡಿದು ಕುಡಿಸಿ, ಮಕ್ಕಳಿಗೆ ಪಾಯಸವು ಸೇರದೆಂದು ದೂರುವ ತಾಯಿಯ ಹಾಗಾಯಿತು ನನ್ನ ಕೆಲಸ. ಮರುದಿನವೇ ಆ ನಿಯಮವನ್ನು ತೆಗೆದುಹಾಕಿದೆನು.

ವ್ಯಾಯಾಮವು ಒಳ್ಳೆಯದೆಂಬದು ಯಾರಿಗೂ ಹೊಸದಾಗಿ ಹೇಳಬೇಕಾದ ಮಾತಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳು ಸರಾಸರಿಯಾಗಿ ದಿನಕ್ಕೆ ೬೦ ನಿಮಿಷವಾದರೂ ಮೈ ಬಿಸಿಯಾಗುವಂತೆ ಆಡಬೇಕೆಂದೂ, ವಯಸ್ಕರು ವಾರಕ್ಕೆ ೧೫೦ ರಿಂದ ೩೦೦ ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯನ್ನು ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿತು. ಜನರು ನಡೆಯುತ್ತಿರುವದಾದರೋ ಬೇರೆ. ಲೋಕದಲ್ಲಿ ಹನ್ನೊಂದರಿಂದ ಹದಿನೇಳು ವರ್ಷದ ಹುಡುಗಿಯರಲ್ಲಿ ನೂರಕ್ಕೆ ೮೫ ಮಂದಿಗೂ ಹುಡುಗರಲ್ಲಿ ೭೮ ಮಂದಿಗೂ ಬೇಕಾದಷ್ಟು ಚಟುವಟಿಕೆಯಿಲ್ಲವೆಂದು ೨೦೧೬ರ ಲೆಕ್ಕಗಳಿಂದ ತಿಳಿದುಬಂತು. ನಮ್ಮ ದೇಶದ ವಯಸ್ಕರಲ್ಲಿ ೨೦೨೨ರಲ್ಲಿ ಗಂಡಸರು ನೂರಕ್ಕೆ ೪೨ ಮಂದಿಯೂ ಹೆಂಗಸರು ೫೭ ಮಂದಿಯೂ ಈ ಮಟ್ಟಕ್ಕೆ ಕಡಿಮೆಯಾಗಿದ್ದರೆಂದು ಅದೇ ಸಂಸ್ಥೆಯ ಅಂದಾಜು. ಇವರೆಲ್ಲರೂ ವ್ಯಾಯಾಮದ ಲಾಭವನ್ನು ಅರಿಯದವರೆಂದು ಹೇಳಲಾದೀತೇ? ಅರಿತಿದ್ದಾರೆ. ಅರಿವು ಮನುಷ್ಯನನ್ನು ಒಂದು ವಾರ ನಡೆಸೀತು. ಮುಂದಕ್ಕೆ ನಡೆಸತಕ್ಕದ್ದು ಉಲ್ಲಾಸವು. ಉಲ್ಲಾಸವಿಲ್ಲದ ವ್ಯಾಯಾಮವನ್ನು ಜನರು ಎಂಥ ಉಪದೇಶದಿಂದಲೂ ಬಹುಕಾಲ ಮಾಡರು ಎಂಬದೇ ನನ್ನ ಅಭಿಪ್ರಾಯ.

ಈ ಮಾತಿಗೆ ಚರಿತ್ರೆಯಲ್ಲಿಯೇ ಒಳ್ಳೆಯ ಸಾಕ್ಷಿಯುಂಟು. ನಮ್ಮ ಶಾಲೆಗಳ ಡ್ರಿಲ್ಲಿನ ಮೂಲಗಳಲ್ಲೊಂದು ಸ್ವೀಡನ್ ದೇಶದಲ್ಲಿದೆ. ಪೆರ್ ಹೆನ್ರಿಕ್ ಲಿಂಗ್ ಎಂಬವನು ೧೮೧೩ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ಶಾಲೆಯಿಂದ ಆ ಕ್ರಮವು ಲೋಕವೆಲ್ಲ ಹಬ್ಬಿತು. ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್ ಎಂಬ ಸ್ತ್ರೀಯು ಅದನ್ನು ಇಂಗ್ಲೆಂಡಿಗೆ ಒಯ್ದು, ೧೮೮೫ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವ್ಯಾಯಾಮ ಶಿಕ್ಷಕಿಯರ ಕಾಲೇಜನ್ನು ತೆರೆದಳು. ಹುಡುಗಿಯರು ಕೈಕಾಲು ಚಾಚುವದೇ ಅಸಭ್ಯವೆಂದು ಎಣಿಸುತ್ತಿದ್ದ ಕಾಲದಲ್ಲಿ ಅದು ದೊಡ್ಡ ಉಪಕಾರ. ಅದನ್ನು ನಾನು ಹಗುರಾಗಿ ಎಣಿಸುವದಿಲ್ಲ. ಆದರೆ ಬರೇ ಕವಾಯತಿನಿಂದ ಬೇಸರ ಹುಟ್ಟುವದನ್ನು ಬಲ್ಲವರು ಆಗಲೇ ಕಂಡುಕೊಂಡರು. ೧೮೯೧ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಒಂದು ತರಗತಿಯು ಒಳಾಂಗಣದ ಕವಾಯತಿನಿಂದ ಬೇಸತ್ತು ಉಪಾಧ್ಯಾಯರ ಮಾತು ಕೇಳದಂತಾಯಿತು. ಹಿಮವು ಸುರಿಯುತ್ತಿದ್ದದರಿಂದ ಹೊರಗೆ ಆಡುವ ಹಾಗಿರಲಿಲ್ಲ. ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನಿಗೆ ಹೊಸ ಆಟವೊಂದನ್ನು ಹುಡುಕುವದಕ್ಕೆ ಹದಿನಾಲ್ಕು ದಿನಗಳ ಅವಕಾಶ ಕೊಡಲ್ಪಟ್ಟಿತು. ಅವನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ೧೩ ನಿಯಮಗಳನ್ನು ಬರೆದು, ಆ ತರಗತಿಯ ಹದಿನೆಂಟು ಮಂದಿಯನ್ನು ಒಂಬತ್ತೊಂಬತ್ತಾಗಿ ವಿಂಗಡಿಸಿ ಒಂದು ಚೆಂಡನ್ನು ಅವರ ಕೈಗೆ ಕೊಟ್ಟನು. ನಾವು ಬಾಸ್ಕೆಟ್‌ಬಾಲ್ ಎಂದು ಕರೆಯುವ ಆಟವು ಹೀಗೆ ಹುಟ್ಟಿತು. ಮುಂದಿನ ವರ್ಷವೇ, ಅಂದರೆ ೧೮೯೨ರಲ್ಲಿ, ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಅದನ್ನು ಸ್ಮಿತ್ ಕಾಲೇಜಿನ ಹೆಣ್ಣುಮಕ್ಕಳಿಗೆ ಕಲಿಸಿದಳು. ಆ ಆಟದಲ್ಲಿ ಶ್ರಮವು ಹೆಚ್ಚೆಂದು ಕಂಡವರಿಗಾಗಿ ವಿಲಿಯಂ ಮಾರ್ಗನ್ ಎಂಬವನು ೧೮೯೫ರಲ್ಲಿ ವಾಲಿಬಾಲನ್ನು ಕಲ್ಪಿಸಿದನು.

ಈ ಕಥೆಯಲ್ಲಿ ನಾನು ಮೆಚ್ಚುವದು ಬುಟ್ಟಿಯನ್ನಲ್ಲ. ಶಿಷ್ಯರು ಬೇಸರಪಟ್ಟಾಗ ನೈಸ್ಮಿತನು ಅವರಿಗೆ ಶಿಸ್ತಿನ ಮೇಲೆ ಉಪನ್ಯಾಸ ಮಾಡಲಿಲ್ಲ, ಪಾಠವನ್ನೇ ಬದಲಾಯಿಸಿದನು. ಕವಾಯತಿಗೆ ಕಾಲೆಳೆಯುತ್ತಿದ್ದ ಅದೇ ಹದಿನೆಂಟು ಮಂದಿಯು ಚೆಂಡಿನ ಬೆನ್ನಟ್ಟಿ ಓಡಿದರು. ಅವರ ಕಾಲುಗಳಲ್ಲಿ ದೋಷವಿರಲಿಲ್ಲವೆಂಬದು ಸ್ಪಷ್ಟವಾಯಿತು.

ನಮ್ಮ ನಾಡಿನಲ್ಲಿ ಹಿಮವಿಲ್ಲ. ಆದರೆ ಜೂನ್ ತಿಂಗಳಿಂದ ನಮ್ಮ ಬಯಲು ಕೆರೆಯಾಗುತ್ತದೆ. ಮಳೆಗಾಲವೆಲ್ಲ ಆಟವಿಲ್ಲವೆಂಬದು ಇಲ್ಲಿಯ ಹಳೆಯ ಪದ್ಧತಿ. ಅಷ್ಟರಲ್ಲಿ ಅಭ್ಯಾಸವು ತಪ್ಪಿ, ದಸರೆಯ ರಜೆಯ ತರುವಾಯ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಕಳೆದ ಮಳೆಗಾಲದಲ್ಲಿ ನಾವು ಹಡಗಿನಲ್ಲಿ ಬಂದ ಆಟಗಳಿಗಾಗಿ ಕಾಯದೆ ನಮ್ಮ ಅಜ್ಜಿಯಂದಿರ ಆಟಗಳನ್ನು ಕರೆದೆವು. ಉದ್ದ ಜಗಲಿಯಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳನ್ನು ಬರೆದೆವು. ಸಭಾಗೃಹದ ಬೆಂಚುಗಳನ್ನು ಗೋಡೆಗೆ ಸರಿಸಿ ಕೋಲಾಟವನ್ನಾಡಿಸಿದೆವು. ಹಗ್ಗದಾಟಕ್ಕೆ ಬಾವಿಯ ಹಳೆಯ ಹಗ್ಗವೇ ಸಾಕಾಯಿತು. ಒಂಟಿಕಾಲಿನಲ್ಲಿ ನೆಗೆದು ಬಿಲ್ಲೆಯನ್ನು ಮನೆಯಿಂದ ಮನೆಗೆ ದಾಟಿಸುವವಳು ತನ್ನ ಕಾಲಿನ ಬಲವನ್ನೂ ದೇಹದ ಸಮತೂಕವನ್ನೂ ಬೆಳೆಸಿಕೊಳ್ಳುತ್ತಾಳೆ. ಆದರೆ ಅವಳ ಮನಸ್ಸೆಲ್ಲ ಬಿಲ್ಲೆಯ ಮೇಲಿರುತ್ತದೆ. ವ್ಯಾಯಾಮವು ಸುಖಕರವಾಗುವದರ ಗುಟ್ಟು ಇದೇ. ದೇಹವು ದುಡಿಯುತ್ತಿರುವಾಗ ಮನಸ್ಸಿಗೆ ಬೇರೊಂದು ಕೆಲಸ ಸಿಕ್ಕಬೇಕು: ಚೆಂಡಾಗಲಿ, ತಾಳವಾಗಲಿ, ಗೆಳತಿಯ ಮಾತಾಗಲಿ, ದಾರಿಯ ಬದಿಯ ಮರವಾಗಲಿ.

ಬೇಸಿಗೆಯಲ್ಲಿಯೂ ಕೆಲವು ಮಾರ್ಪಾಟುಗಳನ್ನು ಮಾಡಿದೆವು. ಮೊದಲನೆಯದು, ಆಯ್ಕೆ. ಥ್ರೋಬಾಲ್, ಖೋಖೋ, ಲಗೋರಿ, ಹಗ್ಗದಾಟ, ಬಯಲಿನ ಸುತ್ತ ನಡಿಗೆ, ಇವುಗಳಲ್ಲಿ ಯಾವದನ್ನು ಬೇಕಾದರೂ ಹುಡುಗಿಯೇ ಆರಿಸಿಕೊಳ್ಳತಕ್ಕದ್ದು. ಏನೂ ಮಾಡದೆ ಕೂರುವದೊಂದನ್ನು ಮಾತ್ರ ಆರಿಸಲಾಗದು. ಎರಡನೆಯದು, ಸೋತವರು ಹೊರಗೆ ನಿಲ್ಲುವ ಆಟಗಳನ್ನು ಕಡಿಮೆ ಮಾಡಿದೆವು. ಅಂಥ ಆಟದಲ್ಲಿ ಯಾರಿಗೆ ಅಭ್ಯಾಸವು ಹೆಚ್ಚು ಬೇಕೋ ಅವರೇ ಮೊದಲು ಹೊರಬಿದ್ದು ಅಭ್ಯಾಸವಿಲ್ಲದೆ ನಿಲ್ಲುತ್ತಾರೆ. ಈಗ ಔಟಾದವಳು ಎದುರು ಪಕ್ಷವನ್ನು ಸೇರುತ್ತಾಳೆ, ಆಟವು ನಿಲ್ಲುವದಿಲ್ಲ. ಮೂರನೆಯದು, ಪ್ರತಿಯೊಬ್ಬಳೂ ತನ್ನ ನಿನ್ನಿನ ಲೆಕ್ಕದೊಡನೆ ಸ್ಪರ್ಧಿಸಬೇಕೇ ಹೊರತು ನೆರೆಯವಳ ಲೆಕ್ಕದೊಡನೆ ಅಲ್ಲ. ತಾನು ದಪ್ಪಗಿದ್ದೇನೆಂದು ಚೀಟಿ ಬರೆದವಳು ಯಾರೆಂದು ನನಗೆ ಬೇಗನೆ ತಿಳಿಯಿತು. ಮೊದಲ ವಾರ ಅವಳು ಒಂದೇ ಬಿಗಿಯಲ್ಲಿ ಹಗ್ಗವನ್ನು ಏಳು ಸಲ ಹಾರಿದಳು. ಫೆಬ್ರವರಿಯ ಕೊನೆಯಲ್ಲಿ ಒಂದು ಸಂಜೆ ನನ್ನ ಕೊಠಡಿಯ ಬಾಗಿಲಿನಲ್ಲಿ ನಿಂತು, ಏದುಸಿರು ಬಿಡುತ್ತಾ, ಅಮ್ಮಾ, ನಲವತ್ತೊಂದು ಎಂದಳು. ಬೇರೆ ಏನನ್ನೂ ಹೇಳಲಿಲ್ಲ; ಹೇಳಬೇಕಾಗಿಯೂ ಇರಲಿಲ್ಲ.

ಇದರಿಂದ ಪರೀಕ್ಷೆಯ ಫಲಿತಾಂಶವು ಏರಿತೆಂದು ನಾನು ಹೇಳಿಕೊಳ್ಳುವದಿಲ್ಲ. ಅದು ಹಿಂದಿನ ವರ್ಷದಷ್ಟೇ ಇತ್ತು. ವಾರಕ್ಕೆ ಎರಡು ಪೀರಿಯಡ್ಡುಗಳನ್ನು ಬಯಲಿಗೆ ಕೊಟ್ಟರೂ ಅದು ಇಳಿಯಲಿಲ್ಲವೆಂಬದನ್ನು ಮಾತ್ರ ಆ ವಿಜ್ಞಾಪನೆಗೆ ರುಜು ಮಾಡಿದ ಪೋಷಕರು ದಯವಿಟ್ಟು ಗಮನಿಸಬೇಕು. ಗಣಿತವನ್ನು ಏಪ್ರಿಲ್ ತಿಂಗಳಲ್ಲಾದರೂ ಕಲಿಯಬಹುದು. ಎಲುಬುಗಳಾದರೋ ತಮ್ಮ ಬಲದ ಬಹುಭಾಗವನ್ನು ಹದಿಹರೆಯದ ವರ್ಷಗಳಲ್ಲಿಯೇ ಕೂಡಿಸಿಕೊಳ್ಳುತ್ತವೆ. ಆ ಕಾಲದಲ್ಲಿ ಓಡಿ ನೆಗೆದು ಕೂಡಿಸಿಟ್ಟ ಬಂಡವಾಳವೇ ಹೆಂಗಸಿಗೆ ಮುಪ್ಪಿನಲ್ಲಿ ಆಧಾರ.

ಇನ್ನು ಪೋಷಕರಲ್ಲಿ ಮತ್ತೊಂದು ಮಾತು. ಮಗಳು ದೊಡ್ಡವಳಾದಳೆಂದು ಅವಳ ಆಟವನ್ನು ನಿಲ್ಲಿಸುವ ಮನೆಗಳು ಇಂದಿಗೂ ಉಂಟು. ತಿಂಗಳ ದಿನಗಳಲ್ಲಿ ಸಹ, ನೋವಿಲ್ಲದಿದ್ದರೆ, ಆಟಕ್ಕೆ ಅಡ್ಡಿಯಿಲ್ಲ. ನಡಿಗೆಯಿಂದ ಎಷ್ಟೋ ಮಂದಿಗೆ ನೋವು ಕಡಿಮೆಯಾಗುವದುಂಟು. ಹೆಣ್ಣಿನ ದೇಹವು ಶ್ರಮವನ್ನು ತಾಳದೆಂಬ ಭಯವು ನಮ್ಮ ದೇಶದ್ದು ಮಾತ್ರವಲ್ಲ. ೧೯೨೮ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಲಿಂಪಿಕ್ ಕ್ರೀಡೆಗಳಲ್ಲಿ ಹೆಂಗಸರು ೮೦೦ ಮೀಟರ್ ಓಡಿದಾಗ, ಕೊನೆಯಲ್ಲಿ ಕೆಲವರು ದಣಿದುದನ್ನೇ ಪತ್ರಿಕೆಗಳು ದೊಡ್ಡದು ಮಾಡಿ ಬರೆದವು. ಅದರ ಫಲವಾಗಿ ೧೯೬೦ರ ವರೆಗೆ ಆ ಓಟವನ್ನು ಹೆಂಗಸರಿಗೆ ಕೊಡಲಿಲ್ಲ. ಗಂಡಸರೂ ಓಡಿ ದಣಿಯುತ್ತಾರೆಂಬದು ಯಾರಿಗೂ ನೆನಪಾಗಲಿಲ್ಲ. ೧೯೮೪ರಲ್ಲಿ ಹೆಂಗಸರು ಅದೇ ಕ್ರೀಡೆಗಳಲ್ಲಿ ಮ್ಯಾರಥಾನನ್ನೇ ಓಡಿದರು. ನಡುವೆ ಬದಲಾದದ್ದು ಹೆಂಗಸರ ಕಾಲುಗಳಲ್ಲ, ನೋಡುವವರ ಕಣ್ಣುಗಳು.

ಹಳೆಯ ವಿದ್ಯಾರ್ಥಿನಿಯರೇ, ಮೇಲೆ ಹೇಳಿದ ೫೭ ಮಂದಿಯಲ್ಲಿ ನೀವೂ ಇದ್ದೀರಿ, ಬಹುಕಾಲ ನಾನೂ ಇದ್ದೆನು. ಬೋರ್ಡಿಂಗಿನಲ್ಲಿದ್ದಾಗ ನಾನು ಓಟದಲ್ಲಿ ಯಾವಾಗಲೂ ಕೊನೆಯವಳು. ವ್ಯಾಯಾಮವು ನನಗಾಗಿ ಅಲ್ಲವೆಂದು ಹದಿನಾಲ್ಕನೆಯ ವಯಸ್ಸಿನಲ್ಲಿ ತೀರ್ಮಾನಿಸಿ, ಆ ತೀರ್ಮಾನವನ್ನು ಇಪ್ಪತ್ತೈದು ವರ್ಷ ಜೋಪಾನವಾಗಿ ಕಾಪಾಡಿದೆನು. ವೈದ್ಯರು ನಡೆಯಬೇಕೆಂದು ಹೇಳಿದಾಗ ಔಷಧಿಯಂತೆ ನಡೆದೆನು. ಹನ್ನೊಂದನೆಯ ದಿನ ಬಿಟ್ಟೆನು. ಮತ್ತೆ ಕೆಲವು ತಿಂಗಳ ಮೇಲೆ ನಮ್ಮ ಶಿಕ್ಷಕಿಯರಲ್ಲೊಬ್ಬರು, ನಾಳೆ ಬೆಳಿಗ್ಗೆ ಆರು ಗಂಟೆಗೆ ಗೇಟಿನ ಬಳಿ ನಿಂತಿರುತ್ತೇನೆಂದು ಹೇಳಿದರು. ಅವರನ್ನು ಕಾಯಿಸಲಾರದೆ ಎದ್ದೆನು. ಆ ನಡಿಗೆಯು ಇಂದಿಗೂ ನಡೆದಿದೆ. ನನ್ನ ಇಚ್ಛಾಶಕ್ತಿಯು ಬಲವಾಯಿತೆಂದಲ್ಲ. ಗೇಟಿನ ಬಳಿ ಒಬ್ಬರು ನಿಂತಿರುತ್ತಾರೆ, ಅಷ್ಟೇ.

ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಮೈ ಬಿಸಿಯಾಗುವಂಥ ಮನೆಗೆಲಸವು ಲೆಕ್ಕಕ್ಕೆ ಬರುತ್ತದೆಂಬದು ನಿಜವೇ. ಆದರೆ ಬೀಸುವ ಕಲ್ಲೂ ಒನಕೆಯೂ ಸೇದುವ ಹಗ್ಗವೂ ನಮ್ಮ ಹೆಚ್ಚಿನ ಮನೆಗಳಿಂದ ಹೋಗಿವೆ. ಉಳಿದಿರುವದು ನಿಂತು ಮಾಡುವ ಕೆಲಸ. ಅದರಿಂದ ಬೆನ್ನು ನೋಯುತ್ತದೆ, ಎದೆಗೂಡು ಹಿಗ್ಗುವದಿಲ್ಲ. ಮೇಲಾಗಿ, ಮನೆಗೆಲಸವು ಮನೆಯವರಿಗಾಗಿ. ದಿನದ ಅರ್ಧ ಗಂಟೆಯಾದರೂ ನಿಮ್ಮದಾಗಿರಲಿ ಎಂದು ಕೇಳುತ್ತೇನೆ.

ಅದನ್ನು ಹೇಗೆ ಸುಖಕರವಾಗಿ ಮಾಡಿಕೊಳ್ಳಬಹುದೆಂಬದಕ್ಕೆ ನನ್ನ ಅನುಭವದಿಂದ ಕೆಲವು ಸೂಚನೆಗಳನ್ನು ಕೊಡುತ್ತೇನೆ. ಒಬ್ಬ ಸಂಗಾತಿಯನ್ನು ಗೊತ್ತು ಮಾಡಿಕೊಳ್ಳಿರಿ. ಹೊತ್ತನ್ನು ಪ್ರತಿದಿನವೂ ಒಂದೇ ಆಗಿಟ್ಟುಕೊಳ್ಳಿರಿ. ಆರಂಭದಲ್ಲಿ ಹತ್ತೇ ನಿಮಿಷ ಸಾಕು. ಇನ್ನೂ ಸ್ವಲ್ಪ ನಡೆಯಬಹುದಿತ್ತೆಂದು ಅನಿಸುತ್ತಿರುವಾಗಲೇ ಮನೆಗೆ ತಿರುಗಿದರೆ ನಾಳೆಯೂ ಹೊರಡುವ ಮನಸ್ಸಾಗುತ್ತದೆ. ವೇಗವನ್ನು ತಿಳಿಯುವದಕ್ಕೆ ಯಂತ್ರವು ಬೇಡ: ಮಾತನಾಡಬಹುದು ಆದರೆ ಹಾಡಲಾಗದು ಎಂಬಷ್ಟು ಉಸಿರು ಬಂದರೆ ಅದೇ ಸಾಧಾರಣ ಶ್ರಮ. ನಿಮಗೆ ಪ್ರಿಯವಾದ ಹಾಡುಗಳನ್ನಾಗಲಿ ಕಥೆಗಳನ್ನಾಗಲಿ ಮೊಬೈಲ್ ಫೋನಿನಲ್ಲಿ ಕೇಳುವ ಅಭ್ಯಾಸವಿದ್ದರೆ, ಅವುಗಳನ್ನು ನಡಿಗೆಯ ಹೊತ್ತಿಗೇ ಮೀಸಲಾಗಿಡಿರಿ. ಕಥೆಯ ಮುಂದಿನ ಭಾಗವು ನಿಮ್ಮನ್ನು ಬಾಗಿಲಿನಿಂದ ಹೊರಗೆ ಎಳೆಯುವದು. ನಡಿಗೆಯು ಸೇರದಿದ್ದರೆ ಕೋಲಾಟವಾಡಿರಿ, ಸೈಕಲ್ ತುಳಿಯಿರಿ, ಮಕ್ಕಳೊಡನೆ ಹಗ್ಗ ಹಾರಿರಿ. ತೂಕದ ಯಂತ್ರವನ್ನು ನಿಮ್ಮ ನ್ಯಾಯಾಧಿಪತಿಯನ್ನಾಗಿ ಮಾಡಬೇಡಿರಿ. ಅದು ನಿಧಾನವಾಗಿ ಮಾತನಾಡುತ್ತದೆ, ಕೆಲವು ಸಲ ಮಾತನಾಡುವದೇ ಇಲ್ಲ. ರಾತ್ರಿಯ ನಿದ್ರೆಯನ್ನೂ, ಮೆಟ್ಟಲು ಹತ್ತುವಾಗಿನ ಉಸಿರನ್ನೂ, ಮನೆಯವರೊಡನೆ ಆಡುವ ಮಾತಿನ ಮೃದುತ್ವವನ್ನೂ ಕೇಳಿರಿ. ಅವು ಬೇಗನೆ ಉತ್ತರ ಕೊಡುತ್ತವೆ. ಹೃದ್ರೋಗ ಮುಂತಾದ ವ್ಯಾಧಿಯುಳ್ಳವರು ಮೊದಲು ವೈದ್ಯರ ಮಾತನ್ನು ಕೇಳತಕ್ಕದ್ದು.

ದೇಹಸಾಧನೆಯಿಂದ ಸ್ವಲ್ಪವೇ ಲಾಭವೆಂದು ಪೌಲನು ತಿಮೊಥೆಯನಿಗೆ ಬರೆದನಲ್ಲವೇ ಎಂದು ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಹೌದು, ಬರೆದನು, ಆದರೆ ಲಾಭವಿಲ್ಲವೆಂದು ಬರೆಯಲಿಲ್ಲ. ದೈವಭಕ್ತಿಯು ಎಲ್ಲಕ್ಕೂ ಮೇಲಾದದ್ದೆಂಬದನ್ನು ನಾವು ಪ್ರತಿದಿನದ ಪ್ರಾರ್ಥನೆಯಲ್ಲಿ ಒಪ್ಪಿಕೊಳ್ಳುತ್ತೇವೆ. ಆ ಸ್ವಲ್ಪ ಲಾಭವನ್ನು ನಮ್ಮ ಮಕ್ಕಳಿಗೆ ತಪ್ಪಿಸಬೇಕೆಂದು ಅಪೊಸ್ತಲನು ಎಲ್ಲಿಯೂ ಹೇಳಿಲ್ಲ. ನಮ್ಮ ದೇಹವು ದೇವರ ಆಲಯವೆಂದು ಕೊರಿಂಥದವರಿಗೆ ಬರೆದವನೂ ಅವನೇ. ಆಲಯವನ್ನು ಗುಡಿಸಿ ಸಾರಿಸುವವರು ಅದನ್ನು ಹಾಡುತ್ತಾ ಮಾಡಿದರೆ ದೇವರು ಕೋಪಿಸಿಕೊಳ್ಳುವನೆಂದು ನಾನು ನಂಬಲಾರೆನು.

ಆದುದರಿಂದ ನನ್ನ ತೀರ್ಮಾನವನ್ನು ಇಲ್ಲಿ ಬಹಿರಂಗವಾಗಿ ಹೇಳುತ್ತೇನೆ. ಬರುವ ವರ್ಷವೂ ಹತ್ತನೆಯ ತರಗತಿಯ ಆಟದ ಪೀರಿಯಡ್ಡು ಉಳಿಯುವದು. ವ್ಯಾಯಾಮವನ್ನು ಈ ಶಾಲೆಯಲ್ಲಿ ಯಾರೂ ಯಾವ ತಪ್ಪಿಗೂ ದಂಡನೆಯಾಗಿ ವಿಧಿಸತಕ್ಕದ್ದಲ್ಲ. ಮತ್ತು ಮಳೆಯು ಬಿಟ್ಟ ಮೇಲೆ ಪ್ರತಿ ಶನಿವಾರ ಸಂಜೆ ನಾಲ್ಕೂವರೆಯಿಂದ ಆರು ಗಂಟೆಯ ವರೆಗೆ ನಮ್ಮ ಬಯಲಿನ ಗೇಟು ಹಳೆಯ ವಿದ್ಯಾರ್ಥಿನಿಯರಿಗೂ ತಾಯಂದಿರಿಗೂ ತೆರೆದಿರುವದು. ಥ್ರೋಬಾಲಿನ ಬಲೆಯನ್ನು ಕಟ್ಟಿರುತ್ತೇವೆ, ಕುಂಟೆಬಿಲ್ಲೆಯ ಮನೆಗಳನ್ನು ಬರೆದಿರುತ್ತೇವೆ. ಚೆನ್ನಾಗಿ ಆಡಬೇಕೆಂಬ ನಿಯಮವಿಲ್ಲ. ನಗುವವರಿದ್ದರೆ ಅವರೂ ಆಡುತ್ತಾ ನಗಲಿ.

ಪ್ರವಾದಿಯಾದ ಜೆಕರ್ಯನು ಯೆರೂಸಲೇಮು ಉದ್ಧಾರವಾಗುವ ಕಾಲವನ್ನು ವರ್ಣಿಸುವಾಗ, ಬೀದಿಗಳಲ್ಲಿ ಕೋಲು ಹಿಡಿದ ಮುದುಕ ಮುದುಕಿಯರನ್ನೂ, ಅವರ ನಡುವೆ ಆಟವಾಡುವ ಹುಡುಗರನ್ನೂ ಹುಡುಗಿಯರನ್ನೂ ಕಂಡನು. ಹುಡುಗಿಯರನ್ನು ಅವನು ಮರೆಯಲಿಲ್ಲ. ಪಟ್ಟಣವು ಸುಖವಾಗಿದೆಯೆಂಬದಕ್ಕೆ ಅವನಿಗೆ ತೋರಿದ ಗುರುತು ಅದು. ನಮ್ಮ ಬಯಲಿನಲ್ಲಿಯೂ ಶನಿವಾರದ ಸಂಜೆ ಆ ಗುರುತು ಕಾಣಿಸಲಿ. ನಾನು ಗೇಟಿನ ಬಳಿ ನಿಂತಿರುತ್ತೇನೆ.